ಬಾಯಿ ತೆರೆದು ನಿಂತ ಹುಡುಗ

ಹೀರೋ ಎಂಟ್ರಿ ಅಂದರೆ ಸ್ಲೋ ಮೋಷನ್ ಇರಲೇಬೇಕು. ಆದರೆ ಯಲ್ಲಾಲಿಂಗನ ಮುಂದೆ 'ಸ್ಲೋ' ಅಂದರೆ ಸಾಕು, ಒಲೆಯ ಮೇಲಿನ ಹಂಚಿನಂತೆ ಕಾಯುತ್ತಿದ್ದ.

"ಇಲ್ಲಿ ಪದ್ಮಶ್ರೀ ಅಂದ್ರ ಯಾರ್ರಿ?"

ಹತ್ತರಗಿಯ ಹೈವೇ ಪಕ್ಕದ ಆ ಪುಟ್ಟ ಆಫೀಸಿನಲ್ಲಿ ಪದ್ಮಶ್ರೀಗದು ಮೊದಲ ದಿನ. ಘೋಡಗೇರಿಯ ನರ್ಸರಿಯ ತರಕಾರಿ ಸಸಿಗಳನ್ನು ರೈತರು ವೆಬ್‌ಸೈಟಿನಲ್ಲೇ ಬುಕ್ ಮಾಡುತ್ತಿದ್ದರು. ಯಾರು ಬಂದರು, ಎಲ್ಲಿ ಒತ್ತಿದರು, ಎಷ್ಟು ಹೊತ್ತು ನಿಂತರು ಎಂದು ನೋಡುವುದು, ಪೇಜನ್ನು ಬದಲಿಸಿ ಪ್ರಯೋಗ ಮಾಡುವುದು ಅವಳ ಕೆಲಸ. ಸೈಟು ನಿಲ್ಲದಂತೆ, ನಿಧಾನವಾಗದಂತೆ ಕಾಯುವುದು ಯಲ್ಲಾಲಿಂಗನ ಕೆಲಸ.

"ನಾನ ರಿ. ಯಾಕ?"

"ಬಂದ್ ತಾಸಿನ್ಯಾಗ ಮಂದಿ ಲೆಕ್ಕಾ ಇಡಾಕ ಸೈಟಿನ್ಯಾಗ ನಾಕ್ ಕೋಡ್ ಸ್ಕ್ರಿಪ್ಟ್ ತುರಕೀರಿ. ಸೈಟ್ ಹೊಟ್ಟಿ ಉಬ್ಬಿ ಮಕ್ಕೊಂಡೈತಿ. ಮೂರ್ ತಗದು ಒಂದ ಬಿಟ್ಟೇನಿ."

"ನನ್ನ ಕೇಳದ?"

"ಹಾಕೂವಾಗ ನೀವ್ ನನ್ನ ಕೇಳಿದ್ರಿ?"

ಪದ್ಮಶ್ರೀ ಮೌಸಿನಿಂದ ಕೈ ತೆಗೆದಳು.

"ಇನ್ ಮುಂದ ಸಾಸಿವಿ ಕಾಳಷ್ಟ ಹಾಕಿದ್ರೂ ಮೊದಲ ನನಗ ಹೇಳ್ರಿ. ಮಾತ್ ಕೊಡ್ರಿ."

ಕೊಟ್ಟಳು. ಕೊಡುವಾಗ ಅವನ ಕಣ್ಣು ನೋಡಿದ್ದೇ ತಪ್ಪಾಯಿತು... ಹಿನ್ನೆಲೆ ಸಂಗೀತ ಎದೆಯಲ್ಲೇ ಶುರುವಾಯಿತು.

ಅವನಿಗೂ ಏನೋ ಇದ್ದಂತಿತ್ತು. ದಿನಾ ಚಹಾದ ಕಪ್ಪು ಹಿಡಿದು ಅವಳ ಮೇಜಿನ ಬಳಿ ಬಂದು ನಿಲ್ಲುತ್ತಿದ್ದ. ಬಾಯಿ ತೆರೆಯುತ್ತಿದ್ದ. ಆಮೇಲೆ, "ಸರ್ವರ್ ಆರಾಮ ಐತ್ರಿ" ಎಂದು ಹೊರಟುಬಿಡುತ್ತಿದ್ದ.

ಹೀರೋನ ಡೈಲಾಗೇ ಇಷ್ಟಾದರೆ ಇಂಟರ್ವಲ್ ಬರುವುದು ಯಾವಾಗ?

ತುಂಟಿ ಪದ್ಮಶ್ರೀ ಒಂದು ದಿನ ನರ್ಸರಿಯಲ್ಲಿ ಕದ್ದು ವಿಡಿಯೊ ಮಾಡಿದಳು. ಯಲ್ಲಾಲಿಂಗ ನಗುತ್ತ ರೈತರನ್ನು ಕರೆಯುತ್ತಿದ್ದ... "ಬರ್ರಿ ಕಾಕಾ, ಬಾರವ್ವಾ, ಎಷ್ಟ್ ಟ್ರೇ ಬೇಕು?" ಅದನ್ನೇ ಬುಕಿಂಗ್ ಪೇಜಿನ ಮೇಲಿಟ್ಟಳು. ಬಂದವರಲ್ಲಿ ಅರ್ಧ ಜನಕ್ಕೆ ಹಳೆಯ ಪೇಜು, ಅರ್ಧ ಜನಕ್ಕೆ ಅವನ ಮುಖ. ಅವನ ಫೋನಿನ ಪಾಲಿಗೆ ಹಳೆಯದೇ ಬಿತ್ತು.

'ಬುಕಿಂಗ್ ಏರಿದ ಮ್ಯಾಲ ಹೇಳಿ ಬೆಚ್ಚಿ ಬೀಳಸ್ತೀನಿ' ಅಂದುಕೊಂಡಳು. ಕೊಟ್ಟ ಮಾತು ನೆನಪಾಯಿತು. ಮಾತಿಗೂ ಸ್ವಲ್ಪ ರಜೆ ಕೊಟ್ಟಳು.

ಅವನ ಮುಖವಿದ್ದ ಪೇಜಿನಲ್ಲಿ ಜನ ನಾಲ್ಕು ಪಟ್ಟು ಹೊತ್ತು ನಿಲ್ಲುತ್ತಿದ್ದರು.

'ನಾ ಒಬ್ಬಾಕೆನ ಅಲ್ಲ... ಊರಿಗೂರ ಇವನ ಮುಖಾ ನೋಡಾಕತ್ತೈತಿ.'

ಆ ಖುಷಿಯಲ್ಲಿ ಬುಕಿಂಗ್ ಎಷ್ಟಾದವು ಎಂದು ನೋಡಲೇ ಇಲ್ಲ.

ವಾರ ಕಳೆಯುವಷ್ಟರಲ್ಲಿ ಮಾಲಕಿ ಶೈಲಕ್ಕ ಬಾಗಿಲಲ್ಲೇ ಸಿಡಿದಳು.

"ಯಲ್ಲಾಲಿಂಗ, ಮೆಣಸಿನ ಸಸಿ ಟ್ರೇದಾಗ ಬಲತು ಹೋದವು. ಒಯ್ಯವ್ರ ಇಲ್ಲ. ಸೈಟ್ ತೆರಿಯವಲ್ದಂತ ಮಂದಿ ಬೈಯಾಕತ್ತಾರ."

"ಅಕ್ಕಾ, ನನ್ನ ಫೋನಿನ್ಯಾಗ ಗಾಳಿಗತೆ ಓಡಾಕತ್ತೈತ್ರಿ."

"ಹಂಗಾರ ಹಳ್ಳಿ ಮಂದೆಲ್ಲಾ ಸುಳ್ಳ, ನೀ ಒಬ್ಬ ಖರೆ? ಗೋಕಾಕದಾಗ ಬ್ಯಾರೇ ಹುಡುಗನ್ನ ನೋಡೇನಿ. ಸೋಮವಾರದಿಂದ ನೀ ಬರಬ್ಯಾಡ."

ಅವನು ವಾದ ಮಾಡಲಿಲ್ಲ. "ಕಾಯೂದು ನನ್ನ ಕೆಲಸ ಇತ್ರಿ. ತಪ್ಪ ನಂದ."

ಅಲ್ಲೇ ನಿಂತಿದ್ದ ಪದ್ಮಶ್ರೀ ರೈತರ ಫೋನಿನಲ್ಲೇ ನೋಡಬೇಕೆಂದುಕೊಂಡಳು. ಸೀದಾ ಘೋಡಗೇರಿಗೆ ಹೋದಳು. ಹೊಲದ ಬದುವಿನ ಮೇಲೆ, ಸಸಿ ಬುಕ್ ಮಾಡಲು ಹೆಣಗುತ್ತಿದ್ದ ಬಾಳವ್ವ ತನ್ನ ಹಳೆಯ ಫೋನು ಮುಂದೆ ಹಿಡಿದಳು.

"ನೋಡವ್ವಾ, ಈ ಹುಡುಗ ಬಾಯಿ ತಗದ ನಿಂತಾನ, ಒಂದ್ ಮಾತ ಅನ್ನವಲ್ಲ. ಇವತ್ತರ ಏನರ ಅಂತಾನೇನೋ ಅಂತ ಕಾದ್ನಿ. ಎಮ್ಮಿ ಹಿಂಡಿ ಬಂದ್ನಿ. ಇನ್ನೂ ಹಂಗ ನಿಂತಾನ."

ಹಳ್ಳಿಯ ನೆಟ್‌ವರ್ಕಿಗೆ ವಿಡಿಯೊ ಭಾರವಾಗಿ, ಅವನ ಮುಖದ ಮೇಲೆ ಸಣ್ಣ ಚಕ್ರ ತಿರುಗುತ್ತಲೇ ಇತ್ತು. ಕೆಳಗಿನ ಬುಕಿಂಗ್ ಬಟನ್ನು ಕಾಣಿಸಲೇ ಇಲ್ಲ.

ನಾಲ್ಕು ಪಟ್ಟು ಹೊತ್ತು... ಅದು ನೋಡಿದ್ದಲ್ಲ. ಕಾದದ್ದು.

ಬದುವಿನ ಮೇಲೆ ಕುಳಿತಳು. ತನ್ನ ಫೋನಿನಿಂದಲೇ ವಿಡಿಯೊ ತೆಗೆದುಹಾಕಿದಳು. ಬಾಳವ್ವನ ಫೋನಿನಲ್ಲಿ ಪೇಜು ತಟ್ಟನೆ ತೆರೆಯಿತು.

'ಇಲ್ಲಿಗ ಬಿಟ್ರ ಯಾರಿಗೂ ಗೊತ್ತಾಗೂದಿಲ್ಲ' ಎಂದಿತು ಮನಸ್ಸು. 'ಅವಗೂ ಗೊತ್ತಾಗೂದಿಲ್ಲ. ಅವ ಸುಮ್ಮನ ಹೋಗತಾನ...'

ಆ ಕೊನೆಯ ಮಾತೇ ಅವಳನ್ನು ಎಬ್ಬಿಸಿತು.

ಶೈಲಕ್ಕನ ಮುಂದೆ, ಯಲ್ಲಾಲಿಂಗ ಬ್ಯಾಗು ತುಂಬುತ್ತಿರುವಾಗಲೇ ಎಲ್ಲ ಹೇಳಿದಳು. ವಿಡಿಯೊ, ಮುರಿದ ಮಾತು, ನೋಡದೇ ಬಿಟ್ಟ ಬುಕಿಂಗು.

"ಅವನ್ನ ಬೈಯೂವಾಗ ನೀನೂ ಇಲ್ಲೇ ನಿಂತಿದ್ದೆಲ್ಲ?" ಎಂದಳು ಶೈಲಕ್ಕ.

"ಹೌದ್ರಿ ಅಕ್ಕಾ. ಕಳಸೂದಿದ್ರ ನನ್ನ ಕಳಸ್ರಿ."

ಶೈಲಕ್ಕ ಯಲ್ಲಾಲಿಂಗನ ಬ್ಯಾಗಿನ ಪಟ್ಟಿ ಹಿಡಿದಳು. "ಯಲ್ಲಾಲಿಂಗ, ಬ್ಯಾಗ್ ಇಳಸಪಾ, ನಂದೂ ತಪ್ಪಾತು. ಪದ್ಮಶ್ರೀ, ತಿಪ್ಪಿಗಿ ಚೆಲ್ಲಿದ ಸಸಿ ಆರಸು. ಬದಕೂವಂತಾವು ಮಂದಿ ಮನಿಗಿ ಪುಕ್ಕಟ ಮುಟ್ಟಸಿ ಬಾ. ಆಮ್ಯಾಲ ನಿನ್ನ ಇಟ್ಕೋಬೇಕೋ ಬ್ಯಾಡೋ ನೋಡೂಣು."

ಯಲ್ಲಾಲಿಂಗ ಮಾತ್ರ ಪದ್ಮಶ್ರೀಯತ್ತ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು...

ಸಂಜೆ ತಿಪ್ಪೆಯ ಪಕ್ಕ ಕುಳಿತು ಒಂದೊಂದೇ ಸಸಿಯ ಬೇರು ನೋಡುತ್ತಿದ್ದಳು. ಹಿಂದೆ ಯಾರೋ ಬಂದು ನಿಂತರು. ಕೈಯಲ್ಲಿ ಎರಡು ಚಹಾ.

"ಸಿಟ್ಟಿಲ್ಲೇನ್ರಿ?" ಎಂದಳು, ತಲೆ ಎತ್ತದೆ.

"ಐತಿ. ವಿಡಿಯೊ ಹಾಕಿದ್ದಕ್ಕಲ್ಲ, ಮಾತ್ ಮುರದದ್ದಕ್ಕ."

"ಮಂದಿ ನಿಂತದ್ದನ್ನ ನೋಡಿ ಪ್ರೀತಿ ಅನ್ಕೊಂಡೆ. ಅವ್ರು ಕಾದು ಬ್ಯಾಸತ್ತಿದ್ರು." ಸಸಿಯೊಂದನ್ನು ಪಕ್ಕಕ್ಕಿಟ್ಟಳು. "ಇನ್ನೊಬ್ಬರು ದಿನಾ ನನ್ನ ಮೇಜಿನ ಹತ್ರ ನಿಲ್ಲತಿದ್ರು. ಅಲ್ಲೂ ಲೆಕ್ಕಾ ತಪ್ಪೇನೇನೋ..."

ಅವನು ಪಕ್ಕದಲ್ಲಿ ಕುಳಿತ. ಬಾಯಿ ತೆರೆದ. ಮಾತು ಬರಲಿಲ್ಲ.

ಕಣ್ಣೀರಿನ ನಡುವೆಯೂ ಅವಳಿಗೆ ನಗು ಬಂತು. "ಬಾಳವ್ವ ಖರೇನ ಹೇಳಿದ್ಲು. ಹೇಳಿಬಿಡ್ರಿ, ಸರ್ವರ್ ಆರಾಮ ಐತಿ ಅಂತ."

"ಸರ್ವರ್ ಆರಾಮ ಐತಿ ಪದ್ಮಾ," ಎಂದ ಯಲ್ಲಾಲಿಂಗ ಮೆಲ್ಲಗೆ. "ನಾ ಇಲ್ಲ. ನೀ ಬಂದ ದಿನದಿಂದ."

ಅವಳು ಮಣ್ಣಿನ ಕೈಯಿಂದಲೇ ಚಹಾ ತೆಗೆದುಕೊಂಡಳು.

"ಇಷ್ಟ್ ಹೇಳಾಕ ಇಷ್ಟ್ ದಿನಾ ಬೇಕಾತು?"

"ಮಂದಿಗತೆ ಬ್ಯಾಸತ್ತು ನೀ ಎದ್ದು ಹೋಗಲಿಲ್ಲಲ್ಲ... ಅದಕ ಧೈರ್ಯಾ ಬಂತು."