ಕೈ ಕಟ್ಟಿ ನಿಂತ ಡ್ರೈವರ್

"ಕೈ ಕಟ್ಟು ಅಂದ್ನಲ್ಲ! ಎಷ್ಟು ಸಲ ಹೇಳ್ಬೇಕು ನಿಂಗೆ?"

ಅಪ್ಪ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡ. ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಮೇ ಐ ಕಮಿನ್ ಮೇಡಂ?"

"ಥೂ! ಮೇಡಂ ಅಲ್ಲ, ಮಿಸ್. ಇಷ್ಟು ಬೇಗ ಹೇಳೋದೂ ಅಲ್ಲ. ಎಳೀಬೇಕು. ಮೇ ಐ ಕಮ್ ಇನ್ ಮಿ...ಸ್? ಇಷ್ಟೂ ಬರಲ್ವಾ?"

ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಈ ಮಿಸ್ಸಿಗೆ ಹತ್ತು ವರ್ಷ. ಎಲ್ಲರೂ ಕರೆಯುವುದು ಲಾಯರಮ್ಮ ಎಂದು. ವಾದಕ್ಕೆ ನಿಂತರೆ ಎದುರಿನವರು ಸುಸ್ತಾಗುವವರೆಗೆ ಬಿಡುವವಳಲ್ಲ. ಕ್ಲಾಸಿನಲ್ಲಿ ಎರಡನೇ ರ‍್ಯಾಂಕ್ ಬಂದ ಮೇಲಂತೂ, ಮನೆಯಲ್ಲಿ ಉಳಿದವರೆಲ್ಲ ದಡ್ಡರು ಎಂದು ತೀರ್ಮಾನಿಸಿಬಿಟ್ಟಿದ್ದಳು.

ಅಪ್ಪ ಲಾರಿ ಡ್ರೈವರ್. ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಫೇಲಾದ ಲಾರಿಯನ್ನು ಬರೀ ಗೇರಿನಲ್ಲೇ ಹಿಡಿದು ನಿಲ್ಲಿಸಿದವ. ಆದರೆ ಮೇಜಿನ ಆಚೆ ಕನ್ನಡಕ ಹಾಕಿದವರೊಬ್ಬರು ಕೂತರೆ ಸಾಕು, ಅವನ ನಾಲಿಗೆ ಒಣಗಿ ಅಂಟಿಕೊಳ್ಳುತ್ತಿತ್ತು. ಮಾಲೀಕ ಲಾರಿ ಮಾರಿದ ಮೇಲೆ ಅಪ್ಪ ಮನೆಯಲ್ಲೇ ಇದ್ದ. ಒಂದು ಕಡೆ ಇಂಟರ್‌ವ್ಯೂಗೆಂದು ಹೋಗಿ ಬಾಗಿಲವರೆಗೆ ತಲುಪಿ ವಾಪಸ್ ಬಂದಿದ್ದ. "ನನ್ನ ಕರೀಲೇ ಇಲ್ಲ" ಅಂದ. ಕರೆದಿದ್ದರು.

ಈಗ ಲಾಯರಮ್ಮನ ಸ್ಕೂಲಿಗೇ ವ್ಯಾನ್ ಡ್ರೈವರ್ ಬೇಕಾಗಿತ್ತು. ಇಂಟರ್‌ವ್ಯೂ ನಾಳೆ.

"ಎಷ್ಟು ವರ್ಷದಿಂದ ಗಾಡಿ ಓಡಿಸ್ತಿದೀರಿ?" ಲಾಯರಮ್ಮ ದಪ್ಪ ದನಿಯಲ್ಲಿ ಕೇಳಿದಳು.

"ಹದಿನೈದು ವರ್ಷ ಆಯ್ತು."

"ಪೂರ್ತಿ ವಾಕ್ಯ! ನಾನು ಹದಿನೈದು ವರ್ಷಗಳಿಂದ ವಾಹನವನ್ನು ಚಲಾಯಿಸುತ್ತಿದ್ದೇನೆ. ಹೇಳು."

"ನಾನು ಹದಿನೈದು ವರ್ಷಗಳಿಂದ ವಾಹನವನ್ನು... ಚಲಾವಣೆ..."

"ಅಯ್ಯೋ ದೇವರೇ!"

ಮೂಲೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಅಮ್ಮ ತಲೆ ಎತ್ತದೆಯೇ ಹೇಳಿದಳು, "ರೀ, ಅವಳ ಕೈಲಿ ಪಾಠ ಹೇಳಿಸ್ಕೊಂಡ್ರೆ ನೀವು ಡ್ರೈವರ್ ಆಗಲ್ಲ. ಒಂದನೇ ಕ್ಲಾಸಿಗೆ ಸೀಟು ಸಿಗಬಹುದು ಅಷ್ಟೇ."

"ಸುಮ್ನಿರೇ. ಸ್ಕೂಲಿನ ವಿಷಯ ಅವಳಿಗಲ್ದೆ ಇನ್ಯಾರಿಗೆ ಗೊತ್ತು?" ಅಂದ ಅಪ್ಪ. ಅವನು ಶಾಲೆ ಬಿಟ್ಟದ್ದು ಆರನೇ ಕ್ಲಾಸಿಗೇ.

ಪಾಠ ಮುಗಿಸಿ ಲಾಯರಮ್ಮ ಕುರ್ಚಿಯಿಂದ ಇಳಿದಳು.

"ಇನ್ನೊಂದು ವಿಷಯ. ಅಲ್ಲಿ ನನ್ನ ಮಾತಾಡಿಸ್ಬೇಡ. ನಾನು ನಿನ್ನ ಮಗಳು ಅಂತ ಯಾರಿಗೂ ಹೇಳ್ಲೂಬೇಡ."

ಹೊಲಿಗೆ ಮೆಷಿನ್ ನಿಂತಿತು.

"ಯಾಕೇ?" ಅಮ್ಮ ಕೇಳಿದಳು.

"ಇವನು ಅಲ್ಲಿ ಹೋಗಿ ಬೆಬ್ಬೆಬ್ಬೆ ಅಂತಾನೆ. ಆಮೇಲೆ ಕ್ಲಾಸಲ್ಲಿ ಎಲ್ರೂ ನನ್ನ ಆಡ್ಕೊಳ್ತಾರೆ. ನಾನು ಪ್ರಾಮಿಸ್ ಮಾಡಿಸ್ಕೊಳ್ದೇ ಬಿಡಲ್ಲ."

ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ, "ಆಯ್ತಮ್ಮ, ಪ್ರಾಮಿಸ್" ಅಂದ. ಅವನ ಕೈಗಳು ಇನ್ನೂ ಎದೆಯ ಮೇಲೇ ಇದ್ದವು. ಬಿಡಬಹುದು ಎಂದು ಅವಳು ಹೇಳಿರಲಿಲ್ಲವಲ್ಲ.

ಮರುದಿನ ಊಟದ ಬೆಲ್ ಆಗಿದ್ದೇ ತಡ, ಕ್ಲಾಸಿನವರೆಲ್ಲ ರೇಡಿಯೋ ಎಂದು ಕರೆಯುವ ಗೆಳತಿ ಓಡಿ ಬಂದಳು. ಸ್ಕೂಲಿನ ಸುದ್ದಿಯೆಲ್ಲ ಮೊದಲು ಅವಳ ಬಾಯಿಗೇ ಬರುವುದು.

"ಬನ್ರೇ, ಬನ್ರೇ! ಆಫೀಸ್ ಮುಂದೆ ಸರ್ಕಸ್ ಬಂದಿದೆ!"

ಆಫೀಸಿನ ಬೆಂಚಿಗೆ ಹೊಸದಾಗಿ ಪೇಂಟ್ ಬಳಿದಿದ್ದರು. ಇನ್ನೂ ಒಣಗಿರಲಿಲ್ಲ. ಬಂದವರನ್ನು ಕೂರಿಸಲು ಆಯಾ ನರ್ಸರಿಯ ಕೆಂಪು ಕುರ್ಚಿಗಳನ್ನೇ ತಂದು ಸಾಲಾಗಿ ಇಟ್ಟಿದ್ದಳು. ದೊಡ್ಡವರನ್ನು ಅವುಗಳಲ್ಲಿ ಕೂರಿಸಬಹುದೇ ಎಂದು ಆ ಸ್ಕೂಲಿನಲ್ಲಿ ಯಾರೂ ಯೋಚಿಸಲಿಲ್ಲ. ಅವುಗಳ ಮೇಲೆ ನಾಲ್ಕು ಜನ ಗಂಡಸರು, ಮಂಡಿ ಗಲ್ಲಕ್ಕೆ ತಾಗುವಂತೆ ಕೂತಿದ್ದರು. ಎರಡನೆಯವನು ಅಪ್ಪ. ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು ಕಣ್ಣು ಹೊರಗೆ ಬರುವಂತೆ ಕೂತಿದ್ದ.

ಅಪ್ಪ ಲಾಯರಮ್ಮನನ್ನು ನೋಡಿದ. ನೋಡಿದವನೇ ಮುಖ ತಿರುಗಿಸಿ ಎದುರಿನ ಗೋಡೆ ನೋಡತೊಡಗಿದ. ಗೋಡೆಯ ಮೇಲೆ ಏನೂ ಇರಲಿಲ್ಲ.

ಅಪ್ಪನ ಸರದಿ ಬಂತು. ಮಕ್ಕಳೆಲ್ಲ ಪಕ್ಕದ ಕಿಟಕಿಗೆ ಮುತ್ತಿಕೊಂಡರು. ರೇಡಿಯೋ ಸರಳು ಹಿಡಿದು ಮೇಲೆ ಹತ್ತಿದಳು. ಲಾಯರಮ್ಮನೂ ಅವಳ ಪಕ್ಕ ಜಾಗ ಮಾಡಿಕೊಂಡಳು.

ಅಪ್ಪ ಬಾಗಿಲಲ್ಲಿ ನಿಂತ. ಕೈ ಕಟ್ಟಿದ. ಕತ್ತು ಮುಂದೆ ಚಾಚಿದ.

"ಮೇ ಐ ಕಮ್ ಇನ್ ಮಿ...ಸ್?"

ಒಳಗಿದ್ದ ಕ್ಲರ್ಕ್ ಬಾಯಿಗೆ ಕರ್ಚೀಫ್ ಅಡ್ಡ ಇಟ್ಟುಕೊಂಡ. ಮೇಜಿನ ಆಚೆ ಕೂತಿದ್ದ ದೊಡ್ಡ ಮಿಸ್, ಅಂದರೆ ಹೆಡ್‌ಮಿಸ್ಟ್ರೆಸ್, ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಬನ್ನಿ, ಕೂತ್ಕೊಳ್ಳಿ."

"ಥ್ಯಾಂಕ್ಯೂ ಮಿ...ಸ್."

ಅಪ್ಪ ಕೂರಲಿಲ್ಲ. ಕೂರುವುದನ್ನು ಲಾಯರಮ್ಮ ಹೇಳಿಕೊಟ್ಟಿರಲಿಲ್ಲ. ಮಿಸ್ ಮುಂದೆ ಉತ್ತರ ಹೇಳುವಾಗ ಯಾರಾದರೂ ಕೂರುತ್ತಾರೆಯೇ?

"ಅಯ್ಯಯ್ಯೋ, ನರ್ಸರಿ ಅಂಕಲ್!" ರೇಡಿಯೋ ಪಿಸುಗುಟ್ಟಿದಳು. ಕಿಟಕಿಯ ತುಂಬ ಕಿಸಿಕಿಸಿ ನಗು. ಲಾಯರಮ್ಮನೂ ನಕ್ಕಳು. ಯಾರಿಗೂ ಅನುಮಾನ ಬರಬಾರದೆಂದು ಉಳಿದವರಿಗಿಂತ ಸ್ವಲ್ಪ ಜಾಸ್ತಿಯೇ ನಕ್ಕಳು.

"ನಾನು ಹದಿನೈದು ವರ್ಷಗಳಿಂದ ವಾಹನವನ್ನು ಚಲಾಯಿಸುತ್ತಿದ್ದೇನೆ." ದೊಡ್ಡ ಮಿಸ್ ಅನುಭವ ಕೇಳಿದ್ದೇ ತಡ, ಅಪ್ಪ ಪದ್ಯ ಒಪ್ಪಿಸುವ ಹಾಗೆ ಒಪ್ಪಿಸಿದ. ಒಂದು ಅಕ್ಷರವೂ ತಪ್ಪಲಿಲ್ಲ. ರಾತ್ರಿ ಎಷ್ಟು ಸಲ ಹೇಳಿಕೊಂಡಿದ್ದನೋ.

"ಮಕ್ಕಳಿದ್ದಾರಾ ನಿಮಗೆ?" ದೊಡ್ಡ ಮಿಸ್ ಕೇಳಿದರು.

"ನನಗೆ ಒಬ್ಬಳು ಮಗಳಿದ್ದಾಳೆ."

"ಯಾವ ಸ್ಕೂಲು?"

ಅಪ್ಪ ಕಟ್ಟಿದ ಕೈಗಳನ್ನು ಎದೆಗೆ ಇನ್ನಷ್ಟು ಒತ್ತಿಕೊಂಡ.

"ಓದ್ತಿದ್ದಾಳೆ ತಾನೆ?"

"ಹೌದು ಮಿಸ್."

"ಮತ್ತೆ ಯಾವ ಸ್ಕೂಲು?"

ಅಪ್ಪನ ಕಿವಿಯ ಪಕ್ಕದಿಂದ ಬೆವರು ಇಳಿದು ಕಾಲರಿಗೆ ಸೇರಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವನು ಕಿಟಕಿಯ ಕಡೆ ತಿರುಗಲಿಲ್ಲ. ತಿರುಗಬಾರದೆಂದೇ ಕತ್ತನ್ನು ಬಿಗಿ ಹಿಡಿದಿದ್ದ.

"ಮಗಳು ಯಾವ ಸ್ಕೂಲಲ್ಲಿ ಓದ್ತಾಳೆ ಅಂತ ಗೊತ್ತಿಲ್ಲ ಅಂದ್ರೆ ಹೇಗ್ರೀ?" ದೊಡ್ಡ ಮಿಸ್ಸಿನ ದನಿ ತಣ್ಣಗಾಯಿತು. "ಇಂಥವರ ಕೈಗೆ ಬೇರೆಯವರ ಮಕ್ಕಳನ್ನ ಕೊಡೋಕಾಗುತ್ತಾ? ಸರಿ, ನೀವು ಹೊರಡಿ. ಮುಂದಿನವರನ್ನ ಕರೀರಿ."

"ಪಾಪ, ಮಗಳ ಸ್ಕೂಲೂ ಗೊತ್ತಿಲ್ವಂತೆ!" ರೇಡಿಯೋ ಲಾಯರಮ್ಮನ ಪಕ್ಕೆಗೆ ತಿವಿದಳು. "ಎಂಥ ಪೆದ್ದ ಅಪ್ಪನೋ!"

ಲಾಯರಮ್ಮನಿಗೆ ನಗು ಬರಲಿಲ್ಲ. ಅಪ್ಪ ಆಗಲೇ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿದ್ದ.

"ಇದೇ ಸ್ಕೂಲು ಮಿಸ್!"

ತನ್ನದೇ ಕೂಗು ಅವಳಿಗೆ ಬೇರೆ ಯಾರದೋ ಅನ್ನಿಸಿತು. ಕಿಟಕಿಯಲ್ಲಿ ನಗು ನಿಂತಿತು. ದೊಡ್ಡ ಮಿಸ್, ಕ್ಲರ್ಕ್, ಅಪ್ಪ ಮೂವರೂ ತಿರುಗಿದರು.

"ಯಾರದು?"

"ನಾನು ಮಿಸ್. ಅವರು ನಮ್ಮಪ್ಪ." ಇನ್ನು ಮುಚ್ಚಿಡುವುದಕ್ಕೆ ಏನಿತ್ತು? "ಹೇಳ್ಬೇಡ ಅಂತ ನಾನೇ ಪ್ರಾಮಿಸ್ ಮಾಡಿಸ್ಕೊಂಡಿದ್ದೆ. ಕೈ ಕಟ್ಟೋಕೂ ನಾನೇ ಹೇಳಿಕೊಟ್ಟಿದ್ದು. ಮಾತು ಎಳೆಯೋಕೂ. ನಮ್ಮಪ್ಪ ಹಾಗೆಲ್ಲ ಮಾತಾಡಲ್ಲ ಮಿಸ್. ಚೆನ್ನಾಗೇ ಮಾತಾಡ್ತಾರೆ."

ರೇಡಿಯೋ ಸರಳಿನಿಂದ ಮೆಲ್ಲಗೆ ಕೆಳಗಿಳಿದಳು.

"ಅಪ್ಪಾ, ಕೈ ಬಿಡು" ಅಂದಳು ಲಾಯರಮ್ಮ.

ಅಪ್ಪ ಕೈ ಬಿಟ್ಟ. ಮೊದಲು ಬೆವರು ಒರೆಸಿಕೊಂಡ. ಆಮೇಲೆ ಕತ್ತಿನ ಗುಂಡಿ ಬಿಚ್ಚಿದ. ಉಸಿರು ಎಳೆದುಕೊಂಡು ಕುರ್ಚಿಯಲ್ಲಿ ಕೂತ.

"ತಪ್ಪಾಯ್ತು ಮೇಡಂ. ಹುಡುಗಿಗೆ ಮಾತು ಕೊಟ್ಟಿದ್ದೆ, ಅದಕ್ಕೇ ಹೇಳ್ಲಿಲ್ಲ" ಅಂದ. ದನಿ ನಡುಗುತ್ತಿತ್ತು. ಆದರೆ ಅದು ಅವನದೇ ದನಿ. "ಈಗ ಏನು ಬೇಕಾದ್ರೂ ಕೇಳಿ."

ದೊಡ್ಡ ಮಿಸ್ ಕಿಟಕಿಯ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ನೋಡಿದರು.

"ವ್ಯಾನಲ್ಲಿ ಮಕ್ಕಳು ಇಂಥ ಗಲಾಟೆ ಮಾಡಿದ್ರೆ ಏನ್ಮಾಡ್ತೀರಿ?"

"ಗಾಡಿ ಸೈಡಿಗೆ ಹಾಕಿ ಸುಮ್ನೆ ಕೂತ್ಕೊಳ್ತೀನಿ ಮೇಡಂ. ಬೈಯಲ್ಲ. ಎಲ್ರಿಗೂ ಮನೆಗೆ ಹೋಗ್ಬೇಕಲ್ಲ, ಅವರೇ ಸುಮ್ನಾಗ್ತಾರೆ."

"ಲೇಟಾಗಲ್ವಾ?"

"ಆಗುತ್ತೆ. ಒಂದು ದಿನ, ಎರಡು ದಿನ ಲೇಟಾಗುತ್ತೆ. ಬಯ್ಯೋದಿದ್ರೆ ನೀವು ನನ್ನ ಬಯ್ಯಿರಿ."

ಕ್ಲರ್ಕ್ ಕರ್ಚೀಫ್ ಮಡಚಿ ಜೇಬಿಗೆ ಹಾಕಿಕೊಂಡ.

ಉಳಿದ ಇಬ್ಬರನ್ನೂ ಮಾತಾಡಿಸಿ ಮುಗಿಸಿದ ಮೇಲೆ ದೊಡ್ಡ ಮಿಸ್ ಹೊರಗೆ ಬಂದು, "ಸೋಮವಾರದಿಂದ ಬನ್ನಿ. ಒಂದು ತಿಂಗಳು ನೋಡ್ತೀವಿ, ಆಮೇಲೆ ಖಾಯಂ ಮಾತು" ಎಂದು ಅಪ್ಪನಿಗೆ ಹೇಳಿದರು. ಆಮೇಲೆ ಲಾಯರಮ್ಮನ ಕಡೆ ತಿರುಗಿ, "ನೀನು ಮುಂದಿನ ಪೀರಿಯಡ್ ಪೂರ್ತಿ ಕ್ಲಾಸಿನ ಹೊರಗೆ ನಿಂತ್ಕೋ. ಆಫೀಸಿನ ಕಿಟಕಿ ಹತ್ತೋಕಲ್ಲ ಇರೋದು" ಅಂದರು. ಹತ್ತಿದ್ದ ಉಳಿದವರ ಸುದ್ದಿಯನ್ನೇ ಎತ್ತಲಿಲ್ಲ. ದೊಡ್ಡವರ ನ್ಯಾಯ ಯಾವಾಗಲೂ ಕೈಗೆ ಸಿಕ್ಕವರಿಗೆ.

ಅವಳು ಕ್ಲಾಸಿನ ಬಾಗಿಲ ಹೊರಗೆ ನಿಂತಳು. ಬೆಲ್ ಆಯಿತು. ಲೆಕ್ಕದ ಮಿಸ್ ಒಳಗೆ ಹೋದರು.

ಇಡೀ ಕ್ಲಾಸು ದಡಕ್ಕನೆ ಎದ್ದು ನಿಂತಿತು. ಎಲ್ಲರೂ ಕೈ ಕಟ್ಟಿದರು. ಎಲ್ಲರೂ ಕತ್ತು ಮುಂದೆ ಚಾಚಿದರು.

"ಗುಡ್ ಆಫ್ಟರ್‌ನೂನ್ ಮಿ...ಸ್!"

ಮೊದಲ ಬೆಂಚಿನಲ್ಲಿ ರೇಡಿಯೋ ಎಲ್ಲರಿಗಿಂತ ಜೋರಾಗಿ ಎಳೆಯುತ್ತಿದ್ದಳು. ಲಾಯರಮ್ಮ ಇದನ್ನು ಹೊರಗಿನಿಂದ ನೋಡಿದ್ದು ಇದೇ ಮೊದಲು. ಯಾರಾದರೂ ನಗುತ್ತಾರೇನೋ ಎಂದು ಒಂದೊಂದೇ ಮುಖ ನೋಡುತ್ತಾ ಹೋದಳು. ಯಾರೂ ನಗಲಿಲ್ಲ.

ಹಿಂದೆ ಅಂಗಳದಲ್ಲಿ ಏನೋ ಕಿರ್ ಅಂತು. ಅಪ್ಪ ಇನ್ನೂ ಮನೆಗೆ ಹೋಗಿರಲಿಲ್ಲ. ತೋಳು ಮೇಲಕ್ಕೆ ಮಡಚಿಕೊಂಡು, ಸ್ಕೂಲ್ ವ್ಯಾನಿನ ಬಾನೆಟ್ ಎತ್ತಿ ಒಳಗೆ ಬಗ್ಗಿದ್ದ. ಪಕ್ಕದಲ್ಲಿದ್ದ ವಾಚ್‌ಮನ್‌ಗೆ ಏನೋ ಜೋರಾಗಿ ಹೇಳುತ್ತಿದ್ದ. ಹೇಳುವುದರ ಜೊತೆಗೆ ಅವನ ಎರಡೂ ಕೈಗಳು ಗಾಳಿಯಲ್ಲಿ ಆಡುತ್ತಿದ್ದವು.

ಲಾಯರಮ್ಮ ತನ್ನ ಎದೆ ನೋಡಿಕೊಂಡಳು. ಯಾವಾಗ ಕಟ್ಟಿದ್ದಳೋ, ಅವಳ ಕೈಗಳೂ ಅಲ್ಲೇ ಇದ್ದವು. ಅವಳು ಮೆಲ್ಲಗೆ ಅವುಗಳನ್ನು ಕೆಳಗಿಳಿಸಿದಳು.