ಆರನೇ ಟ್ರ್ಯಾಕ್

ಅವಳು ಬಾಗಿಲಲ್ಲಿ ನಿಂತು ಆಡಿದ ಮೊದಲ ಮಾತು ಅವನಿಗೆ ಸಿಗಲಿಲ್ಲ. ಬೆಳಕು ಅವಳ ಬೆನ್ನ ಹಿಂದಿತ್ತು, ತುಟಿ ಕಾಣಲಿಲ್ಲ.

"ಒಳಗೆ ಬಾ. ಕಿಟಕಿ ಕಡೆ ಮುಖ ಮಾಡಿ ಹೇಳು," ಎಂದ.

ಅವಳು ಕಿಟಕಿಯ ಕಡೆ ತಿರುಗಿದಳು. "ದಪ್ಪ ಆಗಿದೀಯ ಅಂದೆ."

"ಇದನ್ನ ಹೇಳೋಕೆ ಹದಿನೆಂಟು ವರ್ಷ ಬೇಕಾಯ್ತಾ?"

ಅವಳು ನಗಲಿಲ್ಲ. ಆದರೆ ಕೆಳತುಟಿಯನ್ನು ಹಲ್ಲಿನಡಿ ಹಿಡಿದುಕೊಂಡಳು. ನಗು ಬಂದಾಗಲೂ ಅಳು ಬಂದಾಗಲೂ ಅವಳು ಮಾಡುತ್ತಿದ್ದುದು ಇದನ್ನೇ. ಈಗ ಬಂದದ್ದು ಯಾವುದೆಂದು ದನಿ ಕೇಳಿದ್ದರೆ ತಿಳಿಯುತ್ತಿತ್ತು.

ಒಂದು ಕಾಲದಲ್ಲಿ ಸ್ಟುಡಿಯೋದವರು ಅವನನ್ನು 'ಗೋಡೆ' ಎಂದು ಕರೆಯುತ್ತಿದ್ದರು. ಗೋಡೆಗೂ ಕಿವಿ ಇರುತ್ತದೆಯಲ್ಲ, ಅದಕ್ಕೆ. ಪಕ್ಕದ ಕೋಣೆಯಲ್ಲಿ ಗಿಟಾರಿನ ತಂತಿಯೊಂದು ಕೂದಲೆಳೆಯಷ್ಟು ಇಳಿದರೂ ಅವನು ತಲೆಯೆತ್ತುತ್ತಿದ್ದ. ಅಂಥ ರೆಕಾರ್ಡಿಸ್ಟನ ಎರಡೂ ಕಿವಿ ಒಂದಾದ ಮೇಲೊಂದರಂತೆ ಹೋದವು. ಈಗ ಹೆಸರೊಂದು ಉಳಿದಿದೆ, ಅದೂ ಬರೀ ಗೋಡೆ ಎಂಬ ಅರ್ಥದಲ್ಲಿ.

ಕೋಣೆಯ ನಡುವೆ ಬಟ್ಟೆ ಒಗೆಯುವ ಮೆಷಿನ್ನಿನಷ್ಟು ದೊಡ್ಡದಾದ ಎಂಟು ದನಿಗಳನ್ನು ಬೇರೆಬೇರೆ ಪಟ್ಟಿಗಳಲ್ಲಿ ಹಿಡಿಯುವ ಎಂಟು ಟ್ರ್ಯಾಕಿನ ಟೇಪ್ ರೆಕಾರ್ಡರ್ ನಿಂತಿತ್ತು. ಸ್ಟುಡಿಯೋ ಮಾಲೀಕ ತೀರಿಕೊಂಡ ಮರುದಿನವೇ ಮಕ್ಕಳು ಜಗಳವಾಡಿ ಬೀಗ ಜಡಿದಿದ್ದರು. ಅಂದಿನಿಂದ ಅದು ಗೋದಾಮಿನಲ್ಲಿ ಧೂಳು ತಿನ್ನುತ್ತಾ ಬಿದ್ದಿತ್ತು. ಹೋದ ತಿಂಗಳು ಗೋದಾಮು ಖಾಲಿ ಮಾಡುವಾಗ, "ಬೇಕಾದರೆ ತಗೊಂಡು ಹೋಗು, ಇಲ್ಲದಿದ್ದರೆ ಗುಜರಿಗೆ" ಎಂದು ಹೇಳಿ ಕಳಿಸಿದ್ದರು. ಮೆಷಿನ್ನಿನ ಜೊತೆ ಒಂದು ರೀಲೂ ಬಂದಿತ್ತು. ಅದನ್ನು ಕಂಡ ದಿನವೇ ಅವನು ಅವಳ ಫೋನಿಗೆ ಬರೆದ: ನಿನ್ನ ಹಾಡಿನ ಟೇಪ್ ಸಿಕ್ಕಿದೆ. ನನಗೆ ಕಿವಿ ಕೇಳಿಸೋದಿಲ್ಲ. ಬಂದು ಕೇಳಿ ಹೇಳ್ತೀಯಾ?

ಕೇಳಿ ಹೇಳಬೇಕಾಗಿದ್ದುದು ಒಂದೇ ವಿಷಯ. ಹಾಡು ಟೇಪಿನಲ್ಲಿ ಇದೆಯೋ, ಅವನ ಕೈಯಿಂದ ಅಳಿದುಹೋಗಿದೆಯೋ?

ಆಗ ಇಬ್ಬರೂ ಮದುವೆಯಾಗುವವರಿದ್ದರು. ಅವಳು ಆರನೇ ಟ್ರ್ಯಾಕಿನಲ್ಲಿ ಹಾಡಿದ ಸಂಜೆಯೇ ಸಂಗೀತ ತಂಡದ ಜೊತೆ ವರ್ಷಗಟ್ಟಲೆ ಪ್ರವಾಸ ಹೊರಡುವ ಮಾತೆತ್ತಿದಳು. ಮದುವೆ ಆಮೇಲೆ ಎಂದಳು. ಮರುದಿನ ಅವನು ಉರಿಯುವ ತಲೆಯಲ್ಲೇ ಏಳನೇ ಟ್ರ್ಯಾಕಿಗೆ ಗಿಟಾರ್ ತುಂಬಿಸಿದ. ಮಧ್ಯಾಹ್ನ ಅವಳು ಕೇಳಲು ಕೂತಾಗ ಆರನೆಯದರಲ್ಲಿ ಬರೀ ಮೌನ. ಏಳರ ಜೊತೆ ಆರರ ರೆಕಾರ್ಡ್ ಸ್ವಿಚ್ಚನ್ನೂ ಒತ್ತಿದ್ದರೆ ಹಾಗಾಗುತ್ತದೆ, ಹಾಡಿನ ಮೇಲೆ ಮೌನವೇ ರೆಕಾರ್ಡಾಗುತ್ತದೆ. "ಬೇಕಂತಲೇ ಅಳಿಸಿದೆ," ಎಂದಳು ಅವಳು. "ಆರರ ದನಿ ಹೊರಡಿಸೋ ಕಾರ್ಡ್ ಕೆಟ್ಟಿದೆ, ಹಾಡು ಟೇಪಲ್ಲೇ ಇದೆ," ಎಂದ ಅವನು. ಮಾತಿಗೆ ಮಾತು ಬೆಳೆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆ ಕಾರ್ಡ್ ಹಾಕಿ ನೋಡುವ ಮೊದಲೇ ಮಾಲೀಕ ತೀರಿಕೊಂಡು ಸ್ಟುಡಿಯೋಗೆ ಬೀಗ ಬಿತ್ತು. ಅವಳು ಪ್ರವಾಸಕ್ಕೂ ಹೋಗಲಿಲ್ಲ, ಮತ್ತೆ ಹಾಡಲೂ ಇಲ್ಲ.

"ಈಗ ಏನ್ ಮಾಡ್ತಿದೀಯ?" ಎಂದು ಕೇಳಿದ.

"ಕಣ್ಣಿನ ಆಸ್ಪತ್ರೆಯಲ್ಲಿ ಟೋಕನ್ ಕೂಗ್ತೀನಿ. ನಲವತ್ತೆರಡು, ನಲವತ್ತಮೂರು. ಶ್ರುತಿ ತಪ್ಪಿದರೂ ಯಾರೂ ಕೇಳಲ್ಲ."

ಅವನು ಅವಳ ಬಾಯನ್ನೇ ನೋಡುತ್ತಿದ್ದ.

"ಹಾಗೆ ನೋಡಬೇಡ."

"ನೋಡದೆ ಇದ್ರೆ ಕೇಳೋದು ಹೇಗೆ?"

ಅವಳು ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ಏನೋ ಅಂದಳು. ಕಣ್ಣಲ್ಲಿ ಹಳೆಯ ತುಂಟತನ ಒಂದು ಕ್ಷಣ ಬಂದು ಹೋಯಿತು.

"ಅದು ಮೋಸ," ಎಂದ ಅವನು.

ಅವನ ಅಕ್ಕ ಚಹಾ ತಂದಿಟ್ಟು, ಅವಳ ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಹದಿನೈದು ದಿನದಿಂದ ಊಟ ನಿದ್ದೆ ಬಿಟ್ಟು ಈ ಹೆಣಕ್ಕೆ ಜೀವ ತುಂಬ್ತಾ ಇದಾನೆ ಕಣಮ್ಮ. ಏನಾದರೂ ಆಗಲಿ, ಇವತ್ತೇ ಇತ್ಯರ್ಥ ಮಾಡಿ ಹೋಗು." ತಮ್ಮನಿಗೂ ಕಾಣುವಂತೆಯೇ ಹೇಳಿ ಕೆಳಗಿಳಿದು ಹೋದಳು.

ಅಕ್ಕ ಹೇಳಿದ್ದು ಸುಳ್ಳಲ್ಲ. ಅವನು ಒಳಗೆ ಉಬ್ಬಿ ಸೋರಿದ್ದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆದಿದ್ದ. ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ ಬೆಲ್ಲದ ಪಾಕದಂತೆ ಕರಗಿ ಅಂಟಿತ್ತು, ಅದನ್ನು ಕೆರೆದು ಬೇರೆ ಹಾಕಿದ್ದ. ಒಮ್ಮೆಲೇ ಕರೆಂಟ್ ಕೊಟ್ಟರೆ ಸುಟ್ಟೀತೆಂದು ವೋಲ್ಟೇಜನ್ನು ಹನಿಹನಿಯಾಗಿ ಏರಿಸಿದ್ದ. ಮೋಟಾರ್ ತಿರುಗಿತೇ ಎಂದು ತಿಳಿಯಲು ಕೆನ್ನೆಯನ್ನು ತಗಡಿಗೆ ಒತ್ತಿಕೊಂಡು ಕೂತಿದ್ದ. ಅದರ ನಡುಕ ಕೆನ್ನೆಗೆ ತಾಗಿದಾಗ ಅವನಿಗೆ ಅಳು ಬಂದಿತ್ತು.

"ಟೇಪ್ ತೇವ ಕುಡಿದು ಅಂಟಂಟಾಗಿತ್ತು," ಎಂದ. "ಸಣ್ಣ ಕಾವಲ್ಲಿ ಒಣಗಿಸಿದೀನಿ. ಆದರೂ ಅದು ಸುಲೀತಾ ಇದೆ. ಒಂದು ಸಲ ಓಡುತ್ತೆ. ಎರಡನೇ ಸಲ ನನಗೆ ನಂಬಿಕೆ ಇಲ್ಲ."

"ಹಾಗಾದರೆ ಕಂಪ್ಯೂಟರಿಗೆ ಹಾಕ್ಕೊ. ಪರದೆ ಮೇಲೆ ಗೆರೆ ಕಾಣುತ್ತಲ್ಲ? ನಿನಗೇ ಗೊತ್ತಾಗುತ್ತೆ."

"ಬೇಡ. ಆರರ ದನಿ ಅಳೆಯೋ ಮೀಟರಿನ ಮುಳ್ಳೂ ಕೆಟ್ಟಿದೆ, ಅದನ್ನೂ ಸರಿ ಮಾಡಿಲ್ಲ. ಗೆರೆ ನೋಡಿ, ಮುಳ್ಳು ನೋಡಿ ನಂಬೋದು ನನಗೆ ಬೇಕಾಗಿಲ್ಲ. ನೀನು ಕೇಳಿ ಹೇಳು. ಇದ್ದರೆ ಇದೆ ಅನ್ನು. ಇಲ್ಲದಿದ್ದರೆ ಇಲ್ಲ ಅನ್ನು. ಅಲ್ಲಿಗೆ ಮುಗೀತು."

ಅವಳು ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಂಡಳು. ಆಗಲಿ ಎಂದು ತಲೆಯಾಡಿಸಿದಳು.

ಅವನು ಸ್ಪೀಕರಿನ ಮುಂದಿನ ಬಟ್ಟೆ ತೆಗೆದು, ಕಪ್ಪು ಕಾಗದದ ಕೋನಿನ ಮೇಲೆ ಬೆರಳ ತುದಿ ಇಟ್ಟು ಗುಂಡಿ ಒತ್ತಿದ. ರೀಲುಗಳು ತಿರುಗಿದವು. ಪ್ರತಿ ಟೇಪಿನ ಆರಂಭದಲ್ಲಿ, ಮೆಷಿನ್ ಪರೀಕ್ಷಿಸಲೆಂದು ಎಂಟೂ ಟ್ರ್ಯಾಕಿಗೆ ಒಂದೇ ಸಮನೆ ಕೂಗುವ ಸ್ವರವೊಂದನ್ನು ಅವನೇ ತುಂಬಿಸುತ್ತಿದ್ದ. ಈಗ ಒಂದೊಂದೇ ಟ್ರ್ಯಾಕನ್ನು ತೆರೆದ. ಒಂದು ಅವನ ಬೆರಳಿನಡಿ ಗುನುಗಿತು. ಎರಡು, ಮೂರು, ನಾಲ್ಕು, ಐದು ಗುನುಗಿದವು.

ಆರು ಕೂಡ ಗುನುಗಿತು.

ಅವನು ಬೆರಳನ್ನು ಇನ್ನಷ್ಟು ಒತ್ತಿದ. ಆರರಲ್ಲಿ ಇದ್ದುದು ಅದೇ ಹಳೆಯ ಕಾರ್ಡು, ಅದು ಗುನುಗದಿರುವುದನ್ನು ಅವಳಿಗೆ ತೋರಿಸಿ ಆಮೇಲೆ ಬೇರೆ ಹಾಕೋಣವೆಂದು ಬೇಕೆಂದೇ ಮುಟ್ಟಿರಲಿಲ್ಲ. ಕೆಟ್ಟಿದೆ ಎಂದು ಹದಿನೆಂಟು ವರ್ಷ ಆಣೆ ಮಾಡಿದ್ದ ಕಾರ್ಡು ಸರಿಯಾಗಿಯೇ ಇತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಷ್ಟು ಕಾಲ ಕೂತಿದ್ದ. ಮೊಲಕ್ಕೆ ನಾಲ್ಕೂ ಕಾಲಿತ್ತು.

ಉಳಿದ ಏಳು ಟ್ರ್ಯಾಕುಗಳನ್ನು ಮುಚ್ಚಿದ. ಪರೀಕ್ಷೆಯ ಸ್ವರ ಮುಗಿಯಿತು. ಹಾಡು ಬರಬೇಕಾದ ಜಾಗಕ್ಕೆ ಟೇಪು ಬಂತು. ಕಂದು ಪುಡಿ ಉದುರುತ್ತಿತ್ತು.

ಬೆರಳಿನಡಿ ಕಾಗದ ಮಿಸುಕಲಿಲ್ಲ.

ದನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಏನೂ ಇಲ್ಲ. ಅಳಿಸಿದವನು ತಾನೇ. ಸಿಟ್ಟಿನಲ್ಲೋ, ಮೈಮರೆತೋ, ಅಷ್ಟು ನೆನಪಿರಲಿಲ್ಲ. ಅವಳ ಬಾಳನ್ನು ಹಾಳು ಮಾಡಿ, ಸುಳ್ಳಿ ಎಂದು ಅವಳನ್ನೇ ಬೈದಿದ್ದ. ತಲೆಯೆತ್ತಿ ಅವಳ ಮುಖ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

ಅವಳು ಅವನ ಗದ್ದ ಹಿಡಿದು ಎತ್ತಿದಳು.

"ಇದೆ," ಎಂದವು ತುಟಿಗಳು. "ಹಾಡು ಇದೆ. ನೀನು ಅಳಿಸಿಲ್ಲ."

ಅವನ ಕೈ ಇನ್ನೂ ಕೋನಿನ ಮೇಲೇ ಇತ್ತು. ಅದರ ಅರ್ಥ ಅವಳಿಗೆ ಹೊಳೆದಿರಲಿಲ್ಲ. ಎಲ್ಲವನ್ನೂ ಕಳೆದುಕೊಂಡವಳು, ಅದನ್ನು ಕಿತ್ತುಕೊಂಡವನಿಗೇ ಇಷ್ಟು ಕೊಡುತ್ತಿದ್ದಳು.

"ಎಲ್ಲಿಗೆ ಬಂತು?" ಎಂದು ಕೇಳಿದ.

ಅವಳು ಒಂದು ಕ್ಷಣ ತಡವರಿಸಿದಳು. ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕಿ ತುಟಿಯಲ್ಲೇ ಆಡಿದಳು: ದೀಪ ಆರಿಸಬೇಡ, ಇನ್ನೂ ಮಾತು ಉಳಿದಿದೆ.

"ಆಮೇಲೆ?"

ಮುಂದಿನ ಸಾಲಿಗೆ ಅವಳ ಕತ್ತಿನ ನರ ಬಿಗಿಯಿತು, ಎದೆ ಏರಿತು. ತುಟಿಯಾಟ ನಿಂತು ಹಾಡೇ ಹೊರಟಿತ್ತು. ಅವನು ಸ್ಪೀಕರಿನಿಂದ ಬೆರಳು ತೆಗೆದು ಅವಳ ಗಂಟಲ ಮೇಲಿಟ್ಟ. ಬಿಸಿ ಚರ್ಮದಡಿ ಹಾಡು ನಡುಗುತ್ತಿತ್ತು.

ಅವಳ ಕಣ್ಣು ಅವನ ಕೈಯ ಕಡೆ, ಅಲ್ಲಿಂದ ಬೋಳು ಸ್ಪೀಕರಿನ ಕಡೆ ಹೋಯಿತು. ಆಗ ಅವಳಿಗೆ ತಿಳಿಯಿತು. ಹಾಡು ನಿಂತಿತು.

"ನಾನೇ ಅಳಿಸಿದ್ದು," ಎಂದ ಅವನು.

"ಗೊತ್ತು. ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಬಂದೆ?"

"ಕಿವಿ ಹೋಗಿದೆ ಅಂತ ಬರೆದಿದ್ದೆಯಲ್ಲ, ಅದಕ್ಕೆ." ಕೆಳತುಟಿಯನ್ನು ಹಲ್ಲಿನಡಿ ಹಿಡಿದುಕೊಂಡಳು. ಈ ಸಲ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಯಾವುದೆಂದು ಅನುಮಾನವಿರಲಿಲ್ಲ. "ಹಾಡಿದ್ದು ನಿನಗೇ ಅಲ್ವೇನೋ? ನಿನಗೆ ಕೇಳಿಸದ ಮೇಲೆ ಹಾಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ಕೊಡಲು ಅವನ ಬಳಿ ಏನೂ ಉಳಿದಿರಲಿಲ್ಲ, ಕೇಳಲು ಕಿವಿಯೂ ಇರಲಿಲ್ಲ. ಆದರೂ ಅವನು ಕೈ ತೆಗೆಯಲಿಲ್ಲ.

"ಪೂರ್ತಿ ಹಾಡು," ಎಂದ. "ಮೊದಲಿಂದ."

ಅವಳು ಮೂಗೊರೆಸಿಕೊಂಡು, ಅವನ ಬೆರಳುಗಳನ್ನು ಗಂಟಲ ಮೇಲೆ ಸ್ವಲ್ಪ ಸರಿಸಿ ಸರಿಯಾಗಿ ಇಟ್ಟುಕೊಂಡಳು.