ಕೂತು ಮಾಡುವ ಕೆಲಸ

ಗಂಗಾಮಣಿ ಸೊಸೆಯ ಸೂಟ್‌ಕೇಸನ್ನು ಒಳಗಿನಿಂದ ಎಳೆದು ತಂದು ಜಗಲಿಯ ಮೇಲೆ ಧಪ್ಪೆಂದು ಇಟ್ಟಳು. ಕಣದಲ್ಲಿ ಒಣಗಲು ಹರಡಿದ್ದ ಕಾಫಿ ಹಣ್ಣನ್ನು ತಿರುವಿ ಹಾಕುತ್ತಿದ್ದ ಗಗನಾ ನಿಂತಲ್ಲೇ ನಿಂತುಬಿಟ್ಟಳು. ಮದುವೆಯಾಗಿ ಆಲೂರಿನಿಂದ ಬರುವಾಗ ತಂದ ಸೂಟ್‌ಕೇಸ್ ಅದು. ತುರುಕಿದ ರಭಸಕ್ಕೆ ಬಾಯಿ ಸರಿಯಾಗಿ ಮುಚ್ಚಿರಲಿಲ್ಲ. ಸೀರೆಯೊಂದರ ಸೆರಗು ಹೊರಗೆ ಜೋತು ಬಿದ್ದಿತ್ತು.

"ನಿಮ್ಮಣ್ಣಂಗೆ ಫೋನ್ ಮಾಡ್ಸಿದ್ದೀನಿ. ಮಧ್ಯಾಹ್ನದೊಳಗೆ ಜೀಪ್ ತತ್ತಾನೆ. ಹೋಗ್ಬುಡು ತಾಯಿ! ಆರು ವರ್ಷ ಕಾದೆ. ಇನ್ನೂ ಕಾಯೋಕೆ ನಂಗೇನು ಎರಡು ಜನ್ಮ ಐತಾ? ನಿನ್ನ ಬಿಟ್ಟು ನನ್ನ ಮಗ ಬೇರೆ ಮದ್ವೆ ಮಾಡ್ಕತಾನೆ."

ಗಗನಾ ಮಾತಾಡಲಿಲ್ಲ. ಹಿಂದಿನ ದಿನ ಪಕ್ಕದ ತೋಟದ ಮಾನಸಾಳ ಸೀಮಂತದಲ್ಲೂ ಅವಳು ಮಾತಾಡಿರಲಿಲ್ಲ. ಬಸುರಿಗೆ ಕುಂಕುಮ ಇಡಲು ತಟ್ಟೆಗೆ ಕೈ ಹಾಕಿದ್ದಳಷ್ಟೇ, ಗಂಗಾಮಣಿ ಎಲ್ಲರೆದುರು ಆ ಕೈಯನ್ನು ಹಿಡಿದು ಹಿಂದಕ್ಕೆ ಎಳೆದಿದ್ದಳು. "ನೀನು ಮುಟ್ಟಬೇಡ..." ಅಷ್ಟೇ ಅಂದದ್ದು. ಅದಕ್ಕಿಂತ ಹೆಚ್ಚು ಅನ್ನುವ ಅಗತ್ಯವೂ ಇರಲಿಲ್ಲ. ನೆರೆದ ಹೆಂಗಸರು ತಲೆ ತಗ್ಗಿಸಿದರು. ಕೆಲವರು ತಗ್ಗಿಸಿದ ಹಾಗೆ ಮಾಡಿ ವಾರೆಗಣ್ಣಲ್ಲಿ ನೋಡಿದರು.

ಹೊಂಗಡಹಳ್ಳದಲ್ಲಿ ಗಂಗಾಮಣಿಯ ನಾಲಿಗೆಗೆ ಹೆದರದವರು ಯಾರೂ ಇರಲಿಲ್ಲ. ಗಂಡ ನಂಜುಂಡಯ್ಯ ತೀರಿಕೊಂಡ ಮೇಲೆ ನಾಲ್ಕೆಕರೆ ಕಾಫಿ ತೋಟವನ್ನು ಒಂದು ಗುಂಟೆಯೂ ಕೈಬಿಡದೆ ಉಳಿಸಿಕೊಂಡ ಹೆಂಗಸು. ಊರಲ್ಲಿ ಯಾರ ಮಾತನ್ನೂ ಲೆಕ್ಕಕ್ಕಿಡದ ಅವಳು ತಲೆಬಾಗುತ್ತಿದ್ದದ್ದು ಒಬ್ಬರಿಗೆ ಮಾತ್ರ, ಅತ್ತೆ ರಾಮಮ್ಮನಿಗೆ. ಎಂಬತ್ತು ದಾಟಿ, ಕಣ್ಣು ಮಂಜಾಗಿ ಒಳಕೋಣೆಯ ಮಂಚ ಹಿಡಿದಿದ್ದ ರಾಮಮ್ಮನಿಗೆ ಇಂದಿಗೂ ಮೊದಲ ಲೋಟ ಕಾಫಿ ಗಂಗಾಮಣಿಯ ಕೈಯಿಂದಲೇ ಹೋಗಬೇಕು. ಅದಕ್ಕೆ ಕಾರಣವಿತ್ತು. ಮದುವೆಯಾಗಿ ಎಂಟು ವರ್ಷ ಗಂಗಾಮಣಿಗೂ ಮಕ್ಕಳಾಗಿರಲಿಲ್ಲ! ಊರೆಲ್ಲ ಬಂಜೆ ಎಂದು ಆಡಿಕೊಂಡಾಗ ಅತ್ತೆ ಒಂದು ದಿನವೂ ಒಂದು ಮಾತು ಆಡಿದವರಲ್ಲ. ಇಷ್ಟು ಕಂಡುಂಡವಳಿಗೆ ಸೊಸೆಯ ಸಂಕಟ ಯಾಕೆ ಕಾಣಲಿಲ್ಲ? ನೋವು ತಿಂದವರೆಲ್ಲ ಮೆತ್ತಗಾಗುತ್ತಾರೆ ಎನ್ನುವುದು ಸುಳ್ಳು. ಕೆಲವರು ಕಲ್ಲಾಗುತ್ತಾರೆ.

ಕೊನೆಗೆ ಮಂಜುನಾಥ ಹೊಟ್ಟೆಯಲ್ಲಿದ್ದಾಗ ಅತ್ತೆ ತನ್ನನ್ನು ಹೂವಿನಂತೆ ನೋಡಿಕೊಂಡ ಕತೆಯನ್ನು ಗಂಗಾಮಣಿ ಬಂದವರಿಗೆಲ್ಲ ಹೇಳುತ್ತಿದ್ದಳು. ಕಾಫಿ ಗಿಡದ ಕಾಂಡ ಕೊರೆಯುವ ಹುಳಕ್ಕೆ ಆಗೆಲ್ಲ ಬಿಳಿ ಪುಡಿಯ ಔಷಧಿ ಇತ್ತು. ಅದನ್ನು ನೀರಲ್ಲಿ ಕದಡಿ, ಗೋಣಿಬಟ್ಟೆ ಅದ್ದಿ, ಗಿಡಗಿಡದ ಬುಡಕ್ಕೂ ಒರೆಸಬೇಕು. ಗುಡ್ಡ ಹತ್ತಿ ಇಳಿದು, ಬಗ್ಗಿ ಬಗ್ಗಿ ಸೊಂಟ ಮುರಿಯುವ ಕೆಲಸ. ಆ ಮನೆಯಲ್ಲಿ ಬಸುರಿ ಸೊಸೆಯನ್ನು ಅದಕ್ಕೆ ಕಳಿಸುತ್ತಿರಲಿಲ್ಲ. ಹಲಸಿನ ಮರದ ನೆರಳಲ್ಲಿ ಮಣೆ ಹಾಕಿ ಕೂರಿಸಿ, ಡ್ರಮ್ಮಿನಲ್ಲಿ ಔಷಧಿ ಕಲಸಲು ಬಿಡುತ್ತಿದ್ದರು. ಕೋಲಲ್ಲಿ ತಿರುವಿದರೆ ಪುಡಿಯ ಗಂಟು ಒಡೆಯುವುದಿಲ್ಲ, ಮೊಣಕೈವರೆಗೂ ಕೈ ಇಳಿಸಿ ಹಿಸುಕಬೇಕು. ರಾಮಮ್ಮ ಬಸುರಿಯಾಗಿದ್ದಾಗ ಅವರ ಅತ್ತೆ ಕೊಟ್ಟ ಕೆಲಸವೂ ಅದೇ. ಕೂತು ಮಾಡುವ ಕೆಲಸ, ಹಗುರ ಕೆಲಸ... ಕರುಣೆಯಿಂದ ಕೊಟ್ಟ ಕೆಲಸ! ಆ ಡ್ರಮ್ಮು ತುಕ್ಕು ಹಿಡಿದು, ಈಗ ಅದೇ ಮರದ ಕೆಳಗೆ ಅಡ್ಡ ಬಿದ್ದು ಕೋಳಿಗೂಡಾಗಿತ್ತು.

ಗಗನಾ ಕಣದಿಂದ ಮೇಲೆ ಬಂದು ಜೋತ ಸೆರಗನ್ನು ಒಳಗೆ ಮಡಚಿ ಸೂಟ್‌ಕೇಸ್ ಮುಚ್ಚಿದಳು. ಆಮೇಲೆ ಬಾಗಿ ಅತ್ತೆಯ ಕಾಲು ಮುಟ್ಟಿದಳು. ಅಷ್ಟರಲ್ಲಿ ಮೆಣಸಿನ ಚೀಲ ಹೊತ್ತು ತೋಟದಿಂದ ಬಂದ ಮಂಜುನಾಥ ಆ ದೃಶ್ಯ ಕಂಡು ಚೀಲವನ್ನು ಅಲ್ಲೇ ಕೆಳಗೆ ಹಾಕಿದ.

"ಏನವ್ವಾ ಇದು?"

"ನೀನು ಸುಮ್ಕಿರು. ಬಂಜೆ ಇಟ್ಕಂಡು ಮನೆ ಬೆಳಗಿಸ್ತೀಯಾ?"

ಮಂಜುನಾಥ ಹೆಂಡತಿಯ ಮುಖ ನೋಡಿದ. ಈಗಲೂ ಅವಳು ತುಟಿ ಬಿಚ್ಚಲಿಲ್ಲ. ಎರಡು ವರ್ಷದ ಹಿಂದೆ ಹಾಸನದ ಆಸ್ಪತ್ರೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ಅವನೇ ಅವಳ ಕೈ ಹಿಡಿದು, "ಯಾರಿಗೂ ಹೇಳ್ಬೇಡ, ನನ್ನಾಣೆ" ಅಂದಿದ್ದ. ಆ ಒಂದು ಆಣೆಗಾಗಿ ಎಷ್ಟು ಮಾತು, ಎಷ್ಟು ಅವಮಾನ... ಮನೆ ಬಿಟ್ಟು ಹೋಗುವ ಹೊತ್ತಲ್ಲೂ ಈ ಹೆಣ್ಣು ಬಾಯಿ ಬಿಡಲೊಲ್ಲಳಲ್ಲ! ಅವನು ತಾಯಿಯತ್ತ ತಿರುಗಿದ.

"ಅವಳಲ್ಲ ಕಣವ್ವಾ... ನಾನು!"

"ಏನು ನೀನು?"

"ನನ್ನಲ್ಲೇ ಏನೂ ಇಲ್ವಂತೆ. ಮಕ್ಕಳಾಗೋಕೆ ಗಂಡಸಲ್ಲಿ ಏನಿರಬೇಕೋ ಅದು ನನ್ನಲ್ಲಿಲ್ಲ. ಮೂರು ಸಲ ಪರೀಕ್ಷೆ ಮಾಡಿದ್ರು. ಅವಳಿಗೆ ಏನೂ ತೊಂದ್ರೆ ಇಲ್ಲ."

"ಥೂ! ಯಾರೋ ನಿಂಗೆ ಈ ಮಾತು ಕಲ್ಸಿದ್ದು? ನನ್ನ ಹೊಟ್ಟೇಲಿ ಹುಟ್ಟಿದ ಗಂಡಿಗೆ ಕೊರತೆನಾ?"

"ಹೊಟ್ಟೇಲಿದ್ದಾಗ್ಲೇ ಆಗಿರಬೋದು ಅಂದ್ರು ಡಾಕ್ಟ್ರು." ಅವನ ದನಿ ತಗ್ಗಿತು. "ನಿಮ್ಮ ತಾಯಿ ಬಸುರಿಯಾಗಿದ್ದಾಗ ಗಿಡದ ಔಷಧಿ ಮುಟ್ಟಿದ್ರಾ ಅಂತ ಕೇಳಿದ್ರು. ಮನೆಗೆ ಬಂದು ನಿನ್ನ ಕೇಳ್ದೆ, ನೆನಪೈತಾ? ನೀನು ನಗ್ತಾ ಡ್ರಮ್ಮಿನ ಕತೆ ಹೇಳ್ದೆ. ಅದನ್ನ ಕೇಳಿದ ಮೇಲೆ ನಂಗೆ ನಿನ್ನ ಹತ್ರ ಏನು ಹೇಳೋಕೂ ಬಾಯಿ ಬರ್ಲಿಲ್ಲ ಕಣವ್ವ."

ಗಂಗಾಮಣಿ ಜಗಲಿಯ ಕಂಬ ಹಿಡಿದುಕೊಂಡಳು.

"ಅದೇ ಕಾರಣ ಅಂತ ಖಂಡಿತ ಹೇಳೋಕಾಗಲ್ಲ, ಇರಬೋದು ಅಂದ್ರು. ಅಪ್ಪ ಹೊಟ್ಟೇಲಿದ್ದಾಗ ಅಜ್ಜೀನೂ ಕಲಸಿದ್ರಲ್ಲ? ಅದು ಅಪ್ಪನಿಂದ ನಂಗೂ ಇಳಿದು ಬಂದಿರಬೋದಂತೆ. ನೀನು ಎಂಟು ವರ್ಷ ಬಂಜೆ ಅನ್ನಿಸ್ಕಂಡೆಯಲ್ಲವ್ವ, ಅದೂ ನಿನ್ನ ತಪ್ಪಲ್ದೆ ಇರಬೋದು... ಆಪರೇಷನ್ ಮಾಡಿ ನೋಡಬೋದು ಅಂದ್ರು. ಆದ್ರೆ ಗಂಡು ಮಗು ಆದ್ರೆ ಅವನಿಗೂ ಇದು ಹೋದ್ರೆ? ಬೇಡ ಅಂತ ನಾವಿಬ್ರೂ ತೀರ್ಮಾನ ಮಾಡ್ಬುಟ್ಟಿದ್ದೀವಿ."

ಎಂಟು ವರ್ಷ! ತಾನು ಹರಕೆ ಹೊತ್ತು, ಉಪವಾಸ ಬಿದ್ದು, ಸೀಮಂತದ ಮನೆಗಳಲ್ಲಿ ಹಿತ್ತಲ ಬಾಗಿಲ ಮರೆಯಲ್ಲಿ ನಿಂತ ಎಂಟು ವರ್ಷ... ನಿನ್ನೆ ಅದೇ ಮರೆಗೆ ತಾನೇ ಈ ಹುಡುಗಿಯನ್ನು ತಳ್ಳಿದ್ದಳಲ್ಲ! ಗಂಗಾಮಣಿ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ಆಗ ಎಷ್ಟು ತೊಳೆದರೂ ಔಷಧಿಯ ವಾಸನೆ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಉಂಡಿದ್ದಳು, ಅದೇ ಕೈಯಲ್ಲಿ ಹೊಟ್ಟೆ ಸವರಿಕೊಂಡು ಒಳಗಿದ್ದ ಕೂಸನ್ನು ಮಾತಾಡಿಸಿದ್ದಳು.

"ಗಂಗೂ..." ಒಳಕೋಣೆಯಿಂದ ರಾಮಮ್ಮನ ದನಿ ಬಂತು. ಕಣ್ಣು ಹೋದರೂ ಕಿವಿ ಚುರುಕಾಗಿತ್ತು. "ಗಂಗೂ, ಡ್ರಮ್ಮು ಅಂದಂಗಾಯ್ತು... ನಾನು ಕೂರ್ಸಿದ್ದಕ್ಕಾ? ನನ್ನಿಂದ್ಲೇ ಮಗೀಗೆ ಹಿಂಗಾಯ್ತಾ?"

ಗಂಗಾಮಣಿ ಒಳಗೆ ಹೋದಳು. ಹಿಂದೆಯೇ ಗಗನಾ ಬಂದು ಬಾಗಿಲಲ್ಲಿ ನಿಂತಳು. ಮುದುಕಿಯ ಕೆನ್ನೆ ಒದ್ದೆಯಾಗಿತ್ತು, ಗಾಳಿಯಲ್ಲಿ ಚಾಚಿದ ಕೈ ಸೊಸೆಯನ್ನು ತಡಕುತ್ತಿತ್ತು. ಗಂಗಾಮಣಿ ಮಂಚದ ಅಂಚಿಗೆ ಕೂತು ಆ ಕೈಯನ್ನು ಹಿಡಿದಳು.

"ನಿಮ್ಮಿಂದ ಅಲ್ಲ ಕಣತ್ತೆ. ಡ್ರಮ್ಮಿಂದ ಏನೂ ಆಗಿಲ್ಲ. ತಪ್ಪು ನಂದು. ನೀವು ಕೂತ್ಕ ಅಂದ್ರೂ ನಾನು ಕೇಳಲಿಲ್ಲ. ನೀವು ಎಮ್ಮೆ ಹಾಲು ಕರೆಯೋಕೆ ಹೋದಾಗ ಕದ್ದು ತೋಟಕ್ಕೋಗಿ, ಬಗ್ಗಿ ಬಗ್ಗಿ ಗಿಡಕ್ಕೆ ಔಷಧಿ ಒರೆಸಿ ಬತ್ತಿದ್ದೆ. ಅದರಿಂದ್ಲಂತೆ."

ರಾಮಮ್ಮ ಸೊಸೆಯ ದನಿಯತ್ತ ಮುಖ ತಿರುಗಿಸಿದರು. ಆಮೇಲೆ ಕೈ ಕೊಸರಿಕೊಂಡರು. "ಹಟಮಾರಿ! ನಾನು ಬಡ್ಕಂಡೆ, ಬಸುರಿ ಗುಡ್ಡ ಹತ್ತಬಾರದು ಅಂತ! ನಿನ್ನ ಹಟದಿಂದ ನನ್ನ ಮೊಮ್ಮಗನ ಬಾಳು ಹಾಳು ಮಾಡ್ಬುಟ್ಯಲ್ಲೇ!"

"ಹೌದತ್ತೆ," ಎಂದಳು, ಆ ದಿನಗಳಲ್ಲಿ ಒಮ್ಮೆಯೂ ಗುಡ್ಡ ಹತ್ತಿರದ ಗಂಗಾಮಣಿ. ಜನ್ಮದಲ್ಲಿ ಮೊದಲ ಬಾರಿಗೆ ಅತ್ತೆಯಿಂದ ಬೈಸಿಕೊಳ್ಳುತ್ತಿದ್ದಳು. ಮುದುಕಿ ಬೈದು ಬೈದು ಸುಸ್ತಾಗಿ, ಅತ್ತು, ಸಮಾಧಾನಗೊಂಡು ನಿದ್ದೆಹೋಗುವವರೆಗೂ ಅವಳು ತಲೆ ಎತ್ತಲಿಲ್ಲ.

ಮಧ್ಯಾಹ್ನ ಗಗನಾಳ ಅಣ್ಣನ ಜೀಪು ಬಂದಾಗ ಜಗಲಿಯ ಮೇಲೆ ಸೂಟ್‌ಕೇಸ್ ಇರಲಿಲ್ಲ. "ಊಟ ಮಾಡ್ಕಂಡು ಹೋಗಪ್ಪ. ಗಗನಾ ಎಲ್ಲಿಗೂ ಬರಲ್ಲ, ಇದು ಅವಳ ಮನೆ," ಎಂದಳು ಗಂಗಾಮಣಿ. ಸೊಸೆಯ ಮುಂದೆ ಕ್ಷಮೆ ಕೇಳಲು ಅವಳ ನಾಲಿಗೆ ಅಂದು ಹೊರಳಲಿಲ್ಲ. ಬದಲಿಗೆ ಸಂಜೆ ಅವಳನ್ನು ಕರೆದುಕೊಂಡು ಮಾನಸಾಳ ಮನೆಗೆ ಹೋದಳು. ಕುಂಕುಮದ ಬಟ್ಟಲನ್ನು ತಾನೇ ಸೊಸೆಯ ಕೈಗಿಟ್ಟು, "ಇಡು ಮಗಳೇ" ಎಂದಳು. ಗಗನಾ ಕುಂಕುಮಕ್ಕೆ ಬೆರಳು ಅದ್ದಿದಳು. ಮಾನಸಾ ಹಣೆ ಮುಂದೆ ಒಡ್ಡಿದಳು.

ಆದರೆ ರಾಮಮ್ಮನ ಬಾಯಿ ಕಟ್ಟುವವರು ಯಾರು? ನೋಡಲು ಬಂದವರಿಗೆಲ್ಲ ಅವರು ಅದೇ ಕತೆ ಹೇಳತೊಡಗಿದರು. ಒಂದು ತಿಂಗಳೊಳಗೆ ಸುದ್ದಿ ಹೆತ್ತೂರಿನ ಸಂತೆಯವರೆಗೂ ಹೋಯಿತು. ಒಂದು ಬೆಳಿಗ್ಗೆ ಕೆಳಗಿನ ಮನೆಯ ಮಾರಮ್ಮ, ಗಂಗಾಮಣಿಯಿಂದ ಎಷ್ಟೋ ಸಲ ಬೈಸಿಕೊಂಡವಳು, ಮಂಚದ ಪಕ್ಕ ಕೂತು ಎಲ್ಲವನ್ನೂ ಕೇಳಿಸಿಕೊಂಡು, ಕಾಫಿ ತಂದ ಗಂಗಾಮಣಿಯ ಮುಖವನ್ನೇ ನೋಡಿ ಕೇಳಿದಳು:

"ಹೌದೇನೆ ಗಂಗಾಮಣಿ? ನಿನ್ನ ಹಟದಿಂದ್ಲೇ ವಂಶ ನಿಂತೋಯ್ತಂತೆ?"

"ಹೌದು ಮಾರಮ್ಮ. ನಂದೇ ತಪ್ಪು," ಎಂದಳು ಗಂಗಾಮಣಿ. ಲೋಟವನ್ನು ಅವಳ ಕೈಗಿಟ್ಟು ಒಳಗೆ ಬಂದಳು.

ಅಡುಗೆಮನೆಯಲ್ಲಿ ಗಗನಾ ಅಳುತ್ತಿದ್ದಳು. "ಇನ್ನು ನನ್ನ ಕೈಲಿ ಆಗಲ್ಲ ಅತ್ತೆ. ಹೋಗಿ ನಿಜ ಹೇಳ್ಬುಡ್ತೀನಿ. ಊರೆಲ್ಲ ನಿಮ್ಮನ್ನ..."

ಗಂಗಾಮಣಿ ಅವಳ ಬಾಯಿಗೆ ಕೈ ಅಡ್ಡ ಇಟ್ಟಳು. ಇಟ್ಟವಳೇ, ಅದು ಯಾವ ಕೈ ಎಂದು ನೆನಪಾದವಳಂತೆ ಹಿಂದಕ್ಕೆ ತೆಗೆದುಕೊಂಡಳು. ಗಗನಾ ಆ ಕೈಯನ್ನು ಬಿಡದೆ ಹಿಡಿದುಕೊಂಡಳು.

"ಸುಮ್ನಿರು ಮಗಳೇ," ಎಂದಳು ಗಂಗಾಮಣಿ. "ನನ್ನ ಮಗನ ಮಾನ ನೀನು ಎರಡು ವರ್ಷ ಹೊತ್ತೆ. ನಮ್ಮತ್ತೆ ನೆಮ್ಮದಿಯಾಗಿ ಕಣ್ಣು ಮುಚ್ಚೋವರ್ಗೂ ಇದನ್ನ ನಾನು ಹೊರ್ತೀನಿ. ಹೋಗು, ಅಜ್ಜಿಗೆ ಇನ್ನೊಂದು ಲೋಟ ಕಾಫಿ ಕೊಟ್ಟು ಬಾ. ಸಕ್ಕರೆ ಸ್ವಲ್ಪ ಮುಂದಾಗಿರ್ಲಿ."